ನೂಲಿನಂತೆ ಕೊಯ್ತ

ಕೆಲವು ವರ್ಷಗಳ ಹಿಂದೆ ಮಗಳ ಪುಸ್ತಕಗಳಿಗೆ ಒಂದು ಕಪಾಟು ಮಾಡಿಕೊಡಬೇಕೆಂದು ಹೊರಟೆ. ಎಂಟಡಿ ಉದ್ದ, ನಾಲ್ಕಡಿ ಅಗಲದ 19 ಮಿಲಿಮೀಟರ್ ಪ್ಲೈವುಡ್ ಶೀಟು ಬಂತು. ಕೈಯಲ್ಲಿ ಹಿಡಿದು ಕೊಯ್ಯುವ ಹೊಸ ಸರ್ಕ್ಯುಲರ್ ಸಾ ಬಂತು. ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದೆ. ಗೆರೆಯ ಮೇಲೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಕೊಯ್ದೆ. ಕೊಯ್ಯುವಾಗ ಎಲ್ಲವೂ ನೇರವಾಗಿಯೇ ಕಂಡಿತ್ತು. ಎರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ನಿಲ್ಲಿಸಿದಾಗ ಮಾತ್ರ ನಡುವಿನಿಂದ ಬೆಳಕು ತೂರಿ ಬಂತು. ಒಂದು ಕಡೆ ಬೆರಳು ಹೋಗುವಷ್ಟು ಸಂದು, ಇನ್ನೊಂದು ಕಡೆ ಅಂಚಿಗೆ ಅಂಚು ಬಡಿಯುತ್ತಿತ್ತು.

ಎದುರು ಮನೆಯಲ್ಲಿ ಬಾಗಿಲಿನ ಕೆಲಸಕ್ಕೆ ಬಂದಿದ್ದ ಆಚಾರ್ರು ಬೀಡಿ ಆರಿಸಿ ಒಳಗೆ ಬಂದರು. ತುಂಡನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಅಂಚಿನ ಉದ್ದಕ್ಕೂ ನೋಡಿದರು.

“ಗೆರೆ ನೋಡ್ಕೊಂಡು ಕೊಯ್ದ್ರಾ ಸಾರ್?”

“ಹೌದು ಆಚಾರ್ರೇ. ಗೆರೆ ಬಿಟ್ಟು ಆಚೀಚೆ ಹೋಗಿಲ್ಲ ಅಂದ್ಕೊಂಡೆ.”

“ಗೆರೆ ನೋಡ್ಕೊಂಡು ಕೊಯ್ಯೋದು ಕೈಗರಗಸಕ್ಕೆ. ಈ ಮೆಷೀನಿಗೆ ಗೆರೆ ಸಾಲದು ಸಾರ್, ಒರಗಿಕೊಳ್ಳೋಕೆ ಏನಾದ್ರೂ ಕೊಡಬೇಕು.”

ಅಂದಿನಿಂದ ಇಂದಿನವರೆಗೆ ನಾನು ಕಲಿತದ್ದೆಲ್ಲ ಆ ಒಂದು ಮಾತಿನ ವಿವರಣೆ. ಮನೆಯಲ್ಲೇ ಮರಗೆಲಸ ಮಾಡುವ ಆಸೆಯಿಂದ ಈ ಯಂತ್ರ ಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಅವರ ಶೀಟು ಹಾಳಾಗಬಾರದು, ಅದಕ್ಕಿಂತ ಮುಖ್ಯವಾಗಿ ಅವರ ಬೆರಳು ಉಳಿಯಬೇಕು. ಈ ಎರಡು ಕಾಳಜಿಗಳಿಂದ ಇದನ್ನು ಬರೆಯುತ್ತಿದ್ದೇನೆ. ಬರೆಯುತ್ತಾ ಹೋದಂತೆ ಎರಡೂ ಒಂದೇ ಕಾಳಜಿಯೆಂದು ತಿಳಿಯುತ್ತದೆ.

ಕೈಗರಗಸಕ್ಕೂ ಈ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ಮೊದಲು ನೋಡೋಣ. ಕೈಗರಗಸ ಒಂದು ಎಳೆತಕ್ಕೆ ಸ್ವಲ್ಪವೇ ಮರ ಕೊಯ್ಯುತ್ತದೆ. ಗೆರೆಯಿಂದ ಕೂದಲೆಳೆಯಷ್ಟು ಸರಿದರೂ ಕಣ್ಣಿಗೆ ಬೀಳುತ್ತದೆ, ಮುಂದಿನ ಎಳೆತದಲ್ಲಿ ಕೈ ತಿದ್ದಿಕೊಳ್ಳುತ್ತದೆ. ಸರ್ಕ್ಯುಲರ್ ಸಾ ಅಂಥ ಅವಕಾಶ ಕೊಡುವುದಿಲ್ಲ. ಸಾಮಾನ್ಯವಾಗಿ ಸಿಗುವ ಏಳಿಂಚಿನ, ಅಂದರೆ ಸುಮಾರು 185 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 5000 ಸುತ್ತು ಸುತ್ತಿದರೆ ಅದರ ಹಲ್ಲಿನ ವೇಗ ಸೆಕೆಂಡಿಗೆ 48 ಮೀಟರ್. ಗಂಟೆಯ ಲೆಕ್ಕದಲ್ಲಿ 170 ಕಿಲೋಮೀಟರ್ ಮೀರುತ್ತದೆ. ತಪ್ಪು ಕಣ್ಣಿಗೆ ಕಾಣುವಷ್ಟರಲ್ಲಿ ಆಗಿಹೋಗಿರುತ್ತದೆ.

ಕಂಡರೂ ತಿದ್ದಲು ಬರುವುದಿಲ್ಲ. ಬ್ಲೇಡು ಒಂದು ಚಪ್ಪಟೆ ತಟ್ಟೆ. 19 ಮಿ.ಮೀ. ಪ್ಲೈವುಡ್ ಕೊಯ್ಯಲು ಅದನ್ನು 24 ಮಿ.ಮೀ. ಇಳಿಸಿದ್ದೀರಿ ಎಂದಿಟ್ಟುಕೊಳ್ಳಿ. ಆಗ ಮರದ ಮೇಲ್ಮೈಯ ಮಟ್ಟದಲ್ಲಿ ತಟ್ಟೆಯ ಐದು ಇಂಚಿನಷ್ಟು ಭಾಗ ಸೀಳಿನೊಳಗೆ ಇರುತ್ತದೆ. ಸೀಳಿನ ಅಗಲವೋ ಎರಡೂವರೆ ಮಿಲಿಮೀಟರ್ ಕೂಡ ಇರದು. ಅಷ್ಟು ಇಕ್ಕಟ್ಟಿನಲ್ಲಿ ಐದು ಇಂಚಿನ ಉಕ್ಕಿನ ಪಟ್ಟಿಯನ್ನು ಹೊರಳಿಸಲಾದೀತೇ? ನೀವು ಮುಂಭಾಗವನ್ನು ಗೆರೆಯ ಕಡೆ ತಿರುಗಿಸಿದರೆ ಹಿಂಭಾಗ ಸೀಳಿನ ಗೋಡೆಗೆ ಉಜ್ಜುತ್ತದೆ. ಮರ ಸುಟ್ಟು ಕಪ್ಪಾಗುತ್ತದೆ, ಮೋಟಾರು ನರಳುತ್ತದೆ, ಕೊನೆಗೆ ಬ್ಲೇಡು ಕಚ್ಚಿಕೊಳ್ಳುತ್ತದೆ. ಮೊದಲ ಗೇಣಿನಲ್ಲಿ ಯಂತ್ರ ಯಾವ ದಿಕ್ಕು ಹಿಡಿಯಿತೋ ಕೊನೆಯವರೆಗೂ ಅದೇ ದಿಕ್ಕು. ಹಾಗಾಗಿ ನೇರವಾಗಿ ಕೊಯ್ಯುವ ಕೆಲಸದ ಬಹುಪಾಲು ಸ್ವಿಚ್ಚು ಒತ್ತುವ ಮೊದಲೇ ಮುಗಿದಿರಬೇಕು.

ಈ ಯಂತ್ರ ಹುಟ್ಟಿದ್ದೇ ಅವಸರದ ಕೆಲಸಕ್ಕೆ. 1920ರ ದಶಕದ ಆರಂಭದಲ್ಲಿ ಅಮೆರಿಕದ ಲೂಸಿಯಾನಾದ ಕಬ್ಬಿನ ಗದ್ದೆಗಳಲ್ಲಿ ಆಳುಗಳು ಮಚ್ಚು ಹಿಡಿದು ದಣಿಯುತ್ತಿದ್ದುದನ್ನು ಎಡ್ಮಂಡ್ ಮಿಷೆಲ್ ಎಂಬಾತ ನೋಡಿದ. ಮಚ್ಚಿಗೊಂದು ಮೋಟಾರು ಕಟ್ಟುವ ಯೋಚನೆಯಿಂದ ಶುರುವಾದ ಅವನ ಪ್ರಯತ್ನ ಮರ ಕೊಯ್ಯುವ ವಿದ್ಯುತ್ ಗರಗಸದತ್ತ ಹೊರಳಿತು. 1924ರಲ್ಲಿ ಜೋಸೆಫ್ ಸಲಿವನ್ ಜೊತೆಗೂಡಿ ಕಂಪನಿ ಕಟ್ಟಿದ. ಅದೇ ಮುಂದೆ ಸ್ಕಿಲ್‌ಸಾ ಆಯಿತು. 1937ರಲ್ಲಿ ಬಂದ ಅವರ ಮಾಡೆಲ್ 77 ಅಲ್ಲಿನ ಮನೆ ಕಟ್ಟುವವರ ಕೈಯಲ್ಲಿ ಎಷ್ಟು ಬಳಕೆಯಾಯಿತೆಂದರೆ, ಯಾವ ಕಂಪನಿಯ ಸರ್ಕ್ಯುಲರ್ ಸಾ ಆದರೂ ಅಲ್ಲಿ ಜನ ಸ್ಕಿಲ್‌ಸಾ ಎಂದೇ ಕರೆಯುವುದುಂಟು. ಮರದ ಚೌಕಟ್ಟಿನ ಮನೆಗೆ ತೊಲೆ, ಹಲಗೆಗಳನ್ನು ಬೇಗ ಬೇಗ ತುಂಡರಿಸಿದರೆ ಸಾಕಿತ್ತು. ಒಂದು ನೂಲು ಆಚೀಚೆಯಾದರೆ ಗೋಡೆಯೊಳಗೆ ಮುಚ್ಚಿಹೋಗುತ್ತಿತ್ತು. ಕಪಾಟು, ಬೀರು ಮಾಡುವವರಿಗೆ ಇದೇ ಯಂತ್ರ ಬೇಕಾದಾಗ ನೇರದ ಪ್ರಶ್ನೆ ಎದ್ದಿತು. 1960ರ ದಶಕದಲ್ಲಿ ಜರ್ಮನಿಯ ಫೆಸ್ಟೊ ಕಂಪನಿ ಗರಗಸಕ್ಕೆಂದೇ ಹಳಿಯೊಂದನ್ನು ತಂದಿತು. ಶೀಟಿನ ಮೇಲೆ ಹಳಿ, ಹಳಿಯ ಮೇಲೆ ಯಂತ್ರ. ಎದುರು ಮನೆಯ ಆಚಾರ್ರು ಹೇಳಿದ್ದೂ ಅದನ್ನೇ, ಒರಗಿಕೊಳ್ಳಲು ಏನಾದರೂ ಕೊಡಿ ಎಂದು.

ಮೇಲೆ ನೂಲು ಎಂದೆ. ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಬಡಗಿಗಳು ಹೇಳುವ ಮಾತು ಅದು. ಮಿಲಿಮೀಟರ್ ಲೆಕ್ಕದಲ್ಲಿ ಮೂರಕ್ಕಿಂತ ತುಸು ಹೆಚ್ಚು. ಅಳತೆಗೆ ನೂಲಿನ ಹೆಸರಿರುವುದು ನನಗೆ ತುಂಬ ಇಷ್ಟ. ನೇರಕ್ಕೂ ನೂಲಿಗೂ ನಮ್ಮಲ್ಲಿರುವ ನಂಟು ಬಹಳ ಹಳೆಯದು. ಮಯಮತದಂಥ ವಾಸ್ತುಗ್ರಂಥಗಳು ಹೇಳುವ ನಾಲ್ವರು ಶಿಲ್ಪಿಗಳಲ್ಲಿ ಸ್ಥಪತಿಯ ನಂತರ ಬರುವವನು ಸೂತ್ರಗ್ರಾಹಿ, ಅಂದರೆ ದಾರ ಹಿಡಿಯುವವನು. ಆ ಪಟ್ಟಿಯಲ್ಲಿರುವ ವರ್ಧಕಿಯೇ ಪ್ರಾಕೃತದ ಹಾದಿ ಹಿಡಿದು ಬಂದು ನಮ್ಮ ಬಡಗಿಯಾದ. ಕಾವಿಯಲ್ಲಿ ಅದ್ದಿದ ದಾರವನ್ನು ಇಬ್ಬರು ಎರಡು ತುದಿ ಹಿಡಿದು ಬಿಗಿದು, ನಡುವೆ ಎತ್ತಿ ಬಿಟ್ಟರೆ ಮರದ ಮೇಲೆ ಕೆಂಪು ಗೆರೆ ಮೂಡುತ್ತದೆ. ದಿಮ್ಮಿ ಎಷ್ಟೇ ಉದ್ದವಿರಲಿ, ಎಷ್ಟೇ ಒರಟಾಗಿರಲಿ, ಎಳೆದು ಕಟ್ಟಿದ ದಾರ ಸುಳ್ಳು ಹೇಳುವುದಿಲ್ಲ. ಇವತ್ತಿಗೂ ನನ್ನ ಮನೆಯಲ್ಲಿ ನೇರದ ಕೊನೆಯ ತೀರ್ಪು ಒಂದು ನೈಲಾನ್ ದಾರದ್ದೇ.

‘ನೂಲಿನಂತೆ ಸೀರೆ’ ಎನ್ನುತ್ತಾರಲ್ಲ, ಗರಗಸದ ಕೊಯ್ತವೂ ಹಾಗೆಯೇ. ಯಂತ್ರ ಯಾವುದಕ್ಕೆ ಒರಗಿ ಓಡುತ್ತದೋ ಅದರ ಗುಣವೇ ಕೊಯ್ತಕ್ಕೆ ಬರುತ್ತದೆ. ಒರಗುವ ಪಟ್ಟಿ ನಡುವೆ ಒಂದು ಮಿ.ಮೀ. ಬಾಗಿದ್ದರೆ ಕೊಯ್ತವೂ ಅಷ್ಟೇ ಬಾಗುತ್ತದೆ. ಅಂಥ ಎರಡು ಅಂಚುಗಳು ಎದುರುಬದುರಾದರೆ ಸಂದು ಎರಡು ಮಿ.ಮೀ. ಆದ್ದರಿಂದ ಮೊದಲು ಹುಡುಕಬೇಕಾದದ್ದು ನಂಬಬಹುದಾದ ಒಂದು ನೇರ ಅಂಚನ್ನು.

ಅಲ್ಯೂಮಿನಿಯಂ ಅಂಗಡಿಯಲ್ಲಿ ಸಿಗುವ ದಪ್ಪನೆಯ ಚೌಕ ಪೈಪು ಆದೀತು. ಹೊಸ ಪ್ಲೈವುಡ್ ಶೀಟಿನ ಕಾರ್ಖಾನೆಯ ಅಂಚಿನಿಂದ ಸೀಳಿದ ಪಟ್ಟಿಯೂ ಆದೀತು. ಎರಡನ್ನೂ ಪರೀಕ್ಷಿಸದೆ ನಂಬಬೇಡಿ. ಪಟ್ಟಿಯನ್ನು ಶೀಟಿನ ಮೇಲಿಟ್ಟು ಮೊನಚು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಟ್ಟಿಯನ್ನು ಮಗುಚಿ, ಅದೇ ಅಂಚು ಅದೇ ಗೆರೆಗೆ ಇನ್ನೊಂದು ಬದಿಯಿಂದ ತಾಗುವಂತೆ ಇಟ್ಟು ಮತ್ತೊಮ್ಮೆ ಎಳೆಯಿರಿ. ಎರಡು ಗೆರೆ ಒಂದೇ ಆದರೆ ಅಂಚು ನೇರ. ನಡುವೆ ಬಿರುಕು ಕಂಡರೆ ತಪ್ಪು ಆ ಬಿರುಕಿನ ಅರ್ಧದಷ್ಟು. ಎಂಟಡಿಯ ಪಟ್ಟಿಗೆ ದಾರದ ಪರೀಕ್ಷೆ ಇನ್ನೂ ಸುಲಭ. ಒಂದೇ ದಪ್ಪದ ಮೂರು ಪ್ಲೈ ಚೂರುಗಳನ್ನು ತೆಗೆದುಕೊಳ್ಳಿ. ಎರಡನ್ನು ಅಂಚಿನ ಎರಡು ತುದಿಗಿಟ್ಟು ಅವುಗಳ ಮೇಲೆ ದಾರ ಬಿಗಿದು ಕಟ್ಟಿ. ಮೂರನೆಯದನ್ನು ದಾರ ಮತ್ತು ಅಂಚಿನ ನಡುವೆ ತೂರಿಸುತ್ತಾ ಹೋಗಿ. ಎಲ್ಲಿ ಬಿಗಿಯಾಗುತ್ತದೋ ಅಲ್ಲಿ ಉಬ್ಬು, ಎಲ್ಲಿ ಸಡಿಲವೋ ಅಲ್ಲಿ ತಗ್ಗು. ಉಬ್ಬನ್ನು ಹತ್ತರಿ ಹೊಡೆದು ಇಳಿಸಬಹುದು.

ನೇರ ಪಟ್ಟಿ ಸಿಕ್ಕ ಮೇಲೆ ಅದನ್ನು ಶೀಟಿಗೆ ಕ್ಲಾಂಪಿನಿಂದ ಬಿಗಿದು ಯಂತ್ರದ ಬೇಸ್ ಪ್ಲೇಟನ್ನು ಒರಗಿಸಿ ಕೊಯ್ಯಬಹುದು. ಆದರೆ ಬೇಸ್ ಪ್ಲೇಟಿನ ಅಂಚಿಗೂ ಬ್ಲೇಡಿನ ಹಲ್ಲಿಗೂ ಇರುವ ದೂರವನ್ನು ಪ್ರತಿ ಸಲ ಅಳೆದು, ಗೆರೆಯಿಂದ ಅಷ್ಟು ದೂರಕ್ಕೆ ಪಟ್ಟಿ ಬಿಗಿಯಬೇಕು. ಲೆಕ್ಕ ಹಾಕುವಲ್ಲೆಲ್ಲ ತಪ್ಪಿಗೆ ಒಂದು ದಾರಿ ಇದ್ದೇ ಇರುತ್ತದೆ. ಇದಕ್ಕಿಂತ ಒಳ್ಳೆಯದು, ಆ ದೂರವನ್ನು ತನ್ನೊಳಗೇ ಇಟ್ಟುಕೊಂಡ ಒಂದು ಗೈಡನ್ನು ನೀವೇ ಮಾಡಿಕೊಳ್ಳುವುದು. ಹೊಸ ಗರಗಸ ತಂದವರು ಮೊದಲು ಮಾಡಬೇಕಾದ ಕೆಲಸ ಇದು, ಕಪಾಟು ಆಮೇಲೆ.

6 ಮಿ.ಮೀ. ಪ್ಲೈವುಡ್‌ನಲ್ಲಿ ಒಂದಡಿ ಅಗಲ, ಎಂಟಡಿ ಉದ್ದದ ತಳಹಲಗೆ ತೆಗೆದುಕೊಳ್ಳಿ. ಅದರ ಮೇಲೆ 12 ಮಿ.ಮೀ. ಪ್ಲೈವುಡ್‌ನ ಮೂರಿಂಚು ಅಗಲದ ಪಟ್ಟಿ ಕೂರಿಸಬೇಕು. ಪಟ್ಟಿಯ ನೇರ ಅಂಚು ಗರಗಸ ಓಡುವ ಕಡೆಗಿರಲಿ. ಇನ್ನೊಂದು ಕಡೆ ಕ್ಲಾಂಪ್ ಹಿಡಿಯಲು ಎರಡು ಇಂಚಿನಷ್ಟು ಜಾಗ ಬಿಡಿ. ಫೆವಿಕಾಲ್ ಹಚ್ಚಿ, ಅಂಚನ್ನು ದಾರಕ್ಕೆ ಹೊಂದಿಸಿ, ಕೆಳಗಿನಿಂದ ಸಣ್ಣ ಸ್ಕ್ರೂ ಹಾಕಿ ಒಂದು ರಾತ್ರಿ ಒಣಗಲು ಬಿಡಿ. ಪಟ್ಟಿ 12 ಮಿ.ಮೀ.ಗಿಂತ ದಪ್ಪವಾದರೆ ಗರಗಸದ ಮೋಟಾರಿನ ಹೊಟ್ಟೆ ಅದಕ್ಕೆ ಬಡಿಯಬಹುದು. ಮರುದಿನ ಬೇಸ್ ಪ್ಲೇಟಿನ ಅಗಲವಾದ ಭಾಗವನ್ನು ಪಟ್ಟಿಗೆ ಒರಗಿಸಿ, ತಳಹಲಗೆಯ ಉದ್ದಕ್ಕೂ ಗರಗಸ ಓಡಿಸಿ. ಹೆಚ್ಚುವರಿ ಹಲಗೆ ಉದುರಿ ಬೀಳುತ್ತದೆ. ಉಳಿದ ಅಂಚು ಬ್ಲೇಡು ಎಲ್ಲಿ ಹಾಯುತ್ತದೆಂಬುದನ್ನು ಹೇಳುವ ಅಂಚು. ಇನ್ನು ಮುಂದೆ ಅಳತೆಯ ಲೆಕ್ಕವಿಲ್ಲ. ಆ ಅಂಚನ್ನು ಗೆರೆಯ ಮೇಲಿಟ್ಟು, ಎರಡು ಕ್ಲಾಂಪ್ ಬಿಗಿದು ಕೊಯ್ದರೆ ಗೆರೆಯ ಮೇಲೇ ಕೊಯ್ತ. 6 ಮಿ.ಮೀ. ತಳಹಲಗೆಯ ಮೇಲೆ ಯಂತ್ರ ಕೂರುವುದರಿಂದ ಬ್ಲೇಡನ್ನು ಅಷ್ಟು ಹೆಚ್ಚು ಇಳಿಸಬೇಕಾಗುತ್ತದೆ ಎಂಬುದಷ್ಟೇ ನೆನಪಿರಲಿ. ಶೀಟನ್ನು ಅಡ್ಡ ಕೊಯ್ಯಲು ನಾಲ್ಕಡಿಗಿಂತ ತುಸು ಉದ್ದದ ಇನ್ನೊಂದು ಗೈಡ್ ಇದ್ದರೆ ಕೆಲಸ ಹಗುರ.

ಗೈಡಿನಷ್ಟೇ ಯಂತ್ರವೂ ನೆಟ್ಟಗಿರಬೇಕು. ಪರೀಕ್ಷಿಸುವ ಮೊದಲು ಪ್ಲಗ್ ಕಿತ್ತಿಡಿ, ಬ್ಯಾಟರಿಯದ್ದಾದರೆ ಬ್ಯಾಟರಿ ತೆಗೆದಿಡಿ. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ. ಅದನ್ನು ಮುಂದಕ್ಕೆ ತಂದು ಬೇಸ್ ಪ್ಲೇಟಿನ ಅಂಚಿಗೆ ಎಷ್ಟು ದೂರವೆಂದು ಅಳೆಯಿರಿ. ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ಗೈಡ್ ಎಷ್ಟೇ ನೇರವಿದ್ದರೂ ಬ್ಲೇಡು ಓರೆಯಾಗಿ ಓಡುತ್ತದೆ. ಹಿಂದಿನ ಹಲ್ಲುಗಳು ಸೀಳನ್ನು ಅಗಲ ಮಾಡುತ್ತವೆ, ಅಂಚು ಸುಡುತ್ತದೆ. ಕೆಲವು ಯಂತ್ರಗಳಲ್ಲಿ ಇದನ್ನು ಸರಿಪಡಿಸಲು ತಿರುಪು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಹಾಗಾಗಿ ಅಂಗಡಿಯಲ್ಲೇ ಈ ಅಳತೆ ನೋಡಿ ಕೊಳ್ಳುವುದು ಲೇಸು. ಆಮೇಲೆ ಬೇಸ್ ಪ್ಲೇಟಿಗೂ ಬ್ಲೇಡಿಗೂ ಮೂಲೆಮಟ್ಟ ಹಿಡಿದು ನೋಡಿ. ಯಂತ್ರದ ಮೇಲೆ ಬರೆದ ಸೊನ್ನೆ ಡಿಗ್ರಿಯನ್ನು ನಂಬುವ ಬದಲು ಒಂದು ಬೇಡದ ತುಂಡನ್ನು ಕೊಯ್ದು, ಎರಡರಲ್ಲಿ ಒಂದನ್ನು ಮಗುಚಿ, ಕೊಯ್ದ ಮುಖಗಳನ್ನು ಸೇರಿಸಿ. ಸಂದಿಲ್ಲದೆ ಕೂತರೆ ಬ್ಲೇಡು ನೆಟ್ಟಗಿದೆ.

ಬ್ಲೇಡಿನ ಆಯ್ಕೆಯಲ್ಲಿ ಹಲ್ಲಿನ ಲೆಕ್ಕ ಮುಖ್ಯ. ಗಟ್ಟಿ ಮರವನ್ನು ಎಳೆಯುದ್ದಕ್ಕೆ ಸೀಳಲು 24 ಹಲ್ಲಿನ ಬ್ಲೇಡು ಚುರುಕು. ಪ್ಲೈವುಡ್, ಮೈಕಾ ಅಂಟಿಸಿದ ಹಲಗೆಗಳಿಗೆ 40ರಿಂದ 60 ಹಲ್ಲು ಬೇಕು. ಹಲ್ಲಿನ ತುದಿಗೆ ಕಾರ್ಬೈಡ್ ಕೂರಿಸಿದ, ಅಂಗಡಿಯವರು ಟಿಸಿಟಿ ಎನ್ನುವ ಬ್ಲೇಡನ್ನೇ ಕೊಳ್ಳಿ. ಮೊಂಡಾದ ಬ್ಲೇಡಿಗೆ ನಾವು ಹೆಚ್ಚು ಬಲ ಹಾಕುತ್ತೇವೆ. ಬಲ ಹೆಚ್ಚಾದಂತೆ ಕೈ ವಾಲುತ್ತದೆ, ಯಂತ್ರ ಗೈಡಿನಿಂದ ದೂರ ಸರಿಯುತ್ತದೆ.

ಇನ್ನು ಅಳತೆ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆಂದು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಅಂಚಿಗೆ ಸಿಕ್ಕಿಸಿ ಎಳೆದಾಗಲೂ, ಗೋಡೆಗೆ ಒತ್ತಿ ಅಳೆದಾಗಲೂ ಅಳತೆ ಸರಿ ಬರಲೆಂದೇ ಕೊಕ್ಕೆಯನ್ನು ತನ್ನ ದಪ್ಪದಷ್ಟು ಸರಿಯುವಂತೆ ಮಾಡಿರುತ್ತಾರೆ. ಅಳತೆಯನ್ನು ಒಂದು ಗೀಟಿನಲ್ಲಿ ಗುರುತಿಸಿದರೆ ಆ ಗೀಟು ಓರೆಯಾಗಿ, ಯಾವ ತುದಿ ನಿಜವೆಂದು ಗೊತ್ತಾಗುವುದಿಲ್ಲ. ಬರವಣಿಗೆಯಲ್ಲಿ ಬಿಟ್ಟುಹೋದ ಪದ ಸೇರಿಸಲು ಹಾಕುವ ಹಂಸಪಾದದಂತೆ ಎರಡು ಗೀಟು ಎಳೆಯಿರಿ. ಅವು ಕೂಡುವ ಮೊನೆಯೇ ನಿಮ್ಮ ಅಳತೆ. ಎರಡು ತುದಿಯಲ್ಲಿ ಎರಡು ಹಂಸಪಾದ ಹಾಕಿದರೆ ಸಾಕು, ಗೈಡಿನ ಅಂಚನ್ನು ಆ ಎರಡು ಮೊನೆಗೆ ಕೂರಿಸಬಹುದು. ಉದ್ದದ ಗೆರೆಯೇ ಬೇಕಿಲ್ಲ.

ಬ್ಲೇಡು ಮರ ತಿನ್ನುತ್ತದೆ ಎಂಬುದನ್ನು ಮರೆತವರ ಕೊನೆಯ ತುಂಡು ಯಾವಾಗಲೂ ಗಿಡ್ಡ. ಸಾಮಾನ್ಯ ಬ್ಲೇಡು ಒಂದು ಸಲಕ್ಕೆ 2.4 ಮಿ.ಮೀ. ತಿನ್ನುತ್ತದೆ ಎಂದುಕೊಳ್ಳೋಣ. ನೂಲಿನ ಲೆಕ್ಕದಲ್ಲಿ ಮುಕ್ಕಾಲು ನೂಲು. 1220 ಮಿ.ಮೀ. ಅಗಲದ ಶೀಟನ್ನು ನಾಲ್ಕು ಸಮಪಾಲು ಮಾಡಲು 305ಕ್ಕೆ ಒಂದರಂತೆ ಕೊಯ್ಯುತ್ತಾ ಹೋದರೆ ಮೊದಲ ಮೂರು ಸರಿ ಬರುತ್ತವೆ, ನಾಲ್ಕನೆಯದು 297.8ಕ್ಕೆ ನಿಲ್ಲುತ್ತದೆ. ಮೂರು ಕೊಯ್ತ ಸೇರಿ 7.2 ಮಿ.ಮೀ. ಹೊಟ್ಟಾಗಿರುತ್ತದೆ. ಅದನ್ನು ಮೊದಲೇ ಕಳೆದು, ಉಳಿದದ್ದನ್ನು ನಾಲ್ಕರಿಂದ ಭಾಗಿಸಿ 303.2ರಂತೆ ಕೊಯ್ದರೆ ನಾಲ್ಕೂ ಸಮ. ಗುರುತಿನ ಯಾವ ಕಡೆಯ ಮರ ಬೇಡವೋ ಅಲ್ಲಿ ಅಡ್ಡಗೀಟು ಹಾಕಿ, ಬ್ಲೇಡು ಆ ಕಡೆಯಲ್ಲೇ ಓಡಲಿ. ನಾವು ಮಾಡಿದ ಗೈಡು ಯಾವತ್ತೂ ಬೇಕಾದ ತುಂಡಿನ ಮೇಲೆ ಕೂರಬೇಕು.

ಹೊಸ ಶೀಟಿನ ಮೂಲೆಗಳು ಸರಿಯಾಗಿವೆಯೇ ಎಂದೂ ನೋಡಿಕೊಳ್ಳಿ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದರೆ ಒಂದೇ ಬರಬೇಕು. 2440ಕ್ಕೆ 1220 ಮಿ.ಮೀ. ಇರುವ ಶೀಟಿಗೆ ಅದು 2728 ಮಿ.ಮೀ. ವ್ಯತ್ಯಾಸ ಬಂದರೆ ಮೊದಲು ಒಂದು ಉದ್ದನೆಯ ಅಂಚನ್ನು ಗೈಡ್ ಹಿಡಿದು ಕೊಯ್ದು ನೇರ ಮಾಡಿ, ಉಳಿದ ಅಳತೆಗಳನ್ನೆಲ್ಲ ಅಲ್ಲಿಂದ ಹಿಡಿಯಿರಿ.

ಎಷ್ಟೇ ಎಚ್ಚರ ವಹಿಸಿದರೂ ಅಂಚಿನಲ್ಲಿ ಚಕ್ಕೆ ಏಳುತ್ತದೆಂಬ ದೂರು ಅನೇಕರದ್ದು. ಇದಕ್ಕೆ ಕಾರಣ ಬ್ಲೇಡು ತಿರುಗುವ ದಿಕ್ಕು. ಈ ಯಂತ್ರದಲ್ಲಿ ಮುಂಭಾಗದ ಹಲ್ಲುಗಳು ಮರವನ್ನು ಕೆಳಗಿನಿಂದ ಹೊಕ್ಕು ಮೇಲಕ್ಕೆ ಹೊರಡುತ್ತವೆ. ಹೊರಡುವಾಗ ಮೇಲಿನ ಪದರದ ಎಳೆಗಳಿಗೆ ಹಿಂದೆ ಆಸರೆಯಿಲ್ಲ, ಅವು ಕಿತ್ತು ಬರುತ್ತವೆ. ಆದ್ದರಿಂದ ಅಂದದ ಮುಖ ಕೆಳಗಿರುವಂತೆ ಶೀಟು ಮಲಗಿಸಿ ಕೊಯ್ಯಬೇಕು. ಪ್ಲೈವುಡ್ಡಿನ ಮೇಲಿನ ಪದರದ ಎಳೆ ಸಾಮಾನ್ಯವಾಗಿ ಎಂಟಡಿಯ ಉದ್ದಕ್ಕೆ ಓಡುವುದರಿಂದ ಅಡ್ಡ ಕೊಯ್ಯುವಾಗ ಚಕ್ಕೆ ಹೆಚ್ಚು. ಅಲ್ಲಿ ಗುರುತಿನ ಮೇಲೆ ಕಟರ್ ಚಾಕುವಿನಿಂದ ಎರಡು ಸಲ ಗೀರಿ ಎಳೆಗಳನ್ನು ಮೊದಲೇ ಕಡಿದರೆ ಅಂಚು ಶುಚಿಯಾಗಿ ಬರುತ್ತದೆ. ನಮ್ಮ ಗೈಡಿನ ತಳಹಲಗೆ ಗೆರೆಯವರೆಗೂ ಬಂದು ಎಳೆಗಳನ್ನು ಒತ್ತಿ ಹಿಡಿಯುವುದರಿಂದ ಬೇಕಾದ ತುಂಡಿನ ಕಡೆ ಚಕ್ಕೆ ಏಳುವುದು ಬಹಳ ಕಡಿಮೆ.

ಈಗ ಎಲ್ಲಕ್ಕಿಂತ ಗಂಭೀರವಾದ ಮಾತು. ಎಂಟಡಿಗೆ ನಾಲ್ಕಡಿಯ 19 ಮಿ.ಮೀ. ಶೀಟಿನ ತೂಕ 30 ಕಿಲೋ ಮೀರುವುದುಂಟು. ಅದನ್ನು ಎರಡು ಸ್ಟೂಲುಗಳ ಮೇಲಿಟ್ಟು ನಡುವೆ ಕೊಯ್ಯಲು ಹೊರಟರೆ, ಕೊಯ್ತ ಅರ್ಧ ದಾಟುವಷ್ಟರಲ್ಲಿ ಶೀಟು ನಡುವೆ ಕುಸಿಯತೊಡಗುತ್ತದೆ. ಕುಸಿದಂತೆ ಸೀಳಿನ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಎರಡೂ ಕಡೆಯಿಂದ ಅಮುಕುತ್ತದೆ. ಬ್ಲೇಡಿನ ಕೆಳಗಿನ ಹಲ್ಲುಗಳು ಮುಂದಕ್ಕೆ ಓಡುತ್ತಿರುತ್ತವೆ. ಮರ ಅವನ್ನು ಹಿಡಿದುಕೊಂಡರೆ ಅದೇ ಬಲ ಯಂತ್ರವನ್ನು ಹಿಂದಕ್ಕೆ, ಹಿಡಿದವರ ಮೈಮೇಲೆ ಎಸೆಯುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದಕ್ಕೇ. ಕೈ ಬಲವಾಗಿದ್ದರೆ ತಡೆಯಬಹುದೆಂದು ಯಾರೂ ಭಾವಿಸಬಾರದು. ಅದು ಕಣ್ಣೆವೆ ಮುಚ್ಚುವುದರೊಳಗೆ ಮುಗಿದುಹೋಗುತ್ತದೆ.

ಉಪಾಯ ಕಷ್ಟದ್ದಲ್ಲ. ನೆಲದ ಮೇಲೆ ಒಂದೇ ದಪ್ಪದ ನಾಲ್ಕು ರೀಪುಗಳನ್ನು ಶೀಟಿನ ಉದ್ದಕ್ಕೆ ಹಾಸಿ. ಕೊಯ್ಯುವ ಗೆರೆಯ ಆ ಕಡೆ ಎರಡು, ಈ ಕಡೆ ಎರಡು. ಶೀಟು ಅವುಗಳ ಮೇಲೆ ಮಲಗಿದರೆ ಕೊಯ್ದ ಮೇಲೂ ಎರಡು ತುಂಡುಗಳು ಇದ್ದಲ್ಲೇ ಇರುತ್ತವೆ. ಕುಸಿತವಿಲ್ಲ, ಅಮುಕುವಿಕೆಯಿಲ್ಲ. ಬ್ಲೇಡನ್ನು ಮರ ಮತ್ತು ಗೈಡಿನ ತಳಹಲಗೆಯ ಒಟ್ಟು ದಪ್ಪಕ್ಕಿಂತ ಐದು ಮಿ.ಮೀ. ಮಾತ್ರ ಹೆಚ್ಚು ಇಳಿಸಿ. ಪೂರ್ತಿ ಇಳಿಸಿದರೆ ಸೀಳಿನೊಳಗಿನ ತಟ್ಟೆಯ ಭಾಗ ಐದು ಇಂಚಿನಿಂದ ಏಳು ಇಂಚಿನ ಹತ್ತಿರಕ್ಕೆ ಬೆಳೆಯುತ್ತದೆ, ಕಚ್ಚಿಕೊಳ್ಳುವ ಅವಕಾಶವೂ ಅಷ್ಟು ಹೆಚ್ಚುತ್ತದೆ. ಬ್ಲೇಡಿನ ಸಾಲಿನಲ್ಲೇ ನಿಲ್ಲದೆ ಒಂದು ಬದಿಗೆ ನಿಲ್ಲಿ.

ಕೊಯ್ಯುವುದಕ್ಕೆ ಮೊದಲು ಯಂತ್ರ ಆಫ್ ಇರುವಾಗಲೇ ಗೈಡಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಜಾರಿಸಿ ನೋಡಿ. ಕ್ಲಾಂಪಿಗೆ ಮೋಟಾರು ಬಡಿಯುತ್ತದೆಯೇ, ವೈರು ಗೈಡಿನ ತುದಿಗೆ ಸಿಕ್ಕಿಕೊಳ್ಳುತ್ತದೆಯೇ, ನಿಮ್ಮ ಕಾಲು ಎಲ್ಲಿ ಬೀಳುತ್ತದೆ, ಎಲ್ಲವೂ ಈ ಖಾಲಿ ಓಟದಲ್ಲಿ ಗೊತ್ತಾಗುತ್ತದೆ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಳ್ಳಿ. ಬೇಸ್ ಪ್ಲೇಟಿನ ಮುಂಭಾಗವನ್ನು ಗೈಡಿನ ಮೇಲೆ ಸಮವಾಗಿ ಕೂರಿಸಿ, ಬ್ಲೇಡು ಮರ ಮುಟ್ಟದಂತೆ ಹಿಡಿದು ಸ್ವಿಚ್ಚು ಒತ್ತಿ. ಪೂರ್ತಿ ವೇಗ ಬಂದ ಮೇಲೆ ಮುಂದಕ್ಕೆ ತಳ್ಳಿ. ಆಗ ಕಣ್ಣು ಬ್ಲೇಡಿನ ಮೇಲಿರಬೇಕಾಗಿಲ್ಲ. ಬೇಸ್ ಪ್ಲೇಟು ಮತ್ತು ಪಟ್ಟಿ ಒಂದಕ್ಕೊಂದು ಒರಗಿಕೊಂಡೇ ಇವೆಯೇ ಎಂದು ಅಲ್ಲಿ ನೋಡುತ್ತಿರಿ. ಕಿವಿ ಮೋಟಾರಿನ ಕಡೆಗಿರಲಿ. ಸದ್ದು ಇಳಿದರೆ ತಳ್ಳುವುದನ್ನು ನಿಧಾನಿಸಿ. ನಡುವೆ ನಿಲ್ಲಿಸಲೇಬೇಕಾದರೆ ಸ್ವಿಚ್ಚು ಬಿಟ್ಟು ಬ್ಲೇಡು ಪೂರ್ತಿ ನಿಲ್ಲುವವರೆಗೂ ಯಂತ್ರವನ್ನು ಅಲ್ಲೇ ಹಿಡಿದಿರಿ. ಮತ್ತೆ ಶುರು ಮಾಡುವಾಗ ಒಂದು ಇಂಚು ಹಿಂದಕ್ಕೆ ಎಳೆದುಕೊಂಡು ಶುರು ಮಾಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಎನ್95 ಮಾಸ್ಕ್ ತಪ್ಪಬಾರದು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಂದೋ ಪಟ್ಟಿ ಮಾಡಿದೆ.

ಇಲ್ಲಿ ನಮ್ಮ ಊರುಗಳ ಕೆಲಸಗಾರರ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಇಂಟೀರಿಯರ್ ಕೆಲಸ ನಡೆಯುವ ಯಾವ ಮನೆಗೆ ಹೋದರೂ ಪ್ಲೈವುಡ್ ಕೊಯ್ಯುವುದು ಹೆಚ್ಚಾಗಿ ನಾಲ್ಕಿಂಚಿನ ಮಾರ್ಬಲ್ ಕಟರಿನಲ್ಲಿ. ಅಗ್ಗ, ಹಗುರ, ಒಂದು ಕೈಯಲ್ಲಿ ಹಿಡಿಯಬಹುದು ಎಂಬುದು ಅದರ ಆಕರ್ಷಣೆ. ಆದರೆ ಅದು ಕಲ್ಲು ಕೊಯ್ಯಲು ಮಾಡಿದ ಯಂತ್ರ. ನಿಮಿಷಕ್ಕೆ 12,000 ಸುತ್ತು ಅಥವಾ ಅದಕ್ಕೂ ಹೆಚ್ಚು ತಿರುಗುತ್ತದೆ. ಅದಕ್ಕೆ 110 ಮಿ.ಮೀ. ಮರದ ಬ್ಲೇಡು ಹಾಕಿದರೆ ಹಲ್ಲಿನ ವೇಗ ಗಂಟೆಗೆ 250 ಕಿಲೋಮೀಟರ್ ಹತ್ತಿರ. ಕಲ್ಲಿನ ಬ್ಲೇಡಿಗೆ ಹಲ್ಲಿಲ್ಲ, ಅದು ಉಜ್ಜಿ ಸವೆಸುತ್ತದೆ. ಮರದ ಬ್ಲೇಡಿಗೆ ಹಲ್ಲಿದೆ, ಅದು ಕಚ್ಚಿ ಎಳೆಯುತ್ತದೆ. ಸರ್ಕ್ಯುಲರ್ ಸಾದಲ್ಲಿ ಕೊಯ್ತ ಮುಗಿದೊಡನೆ ತಾನಾಗಿ ಬಂದು ಬ್ಲೇಡು ಮುಚ್ಚುವ ಕೆಳಗಿನ ಗಾರ್ಡ್ ಇರುತ್ತದೆ. ಮಾರ್ಬಲ್ ಕಟರಿನಲ್ಲಿ ಅದಿಲ್ಲ. ಇರುವ ಮೇಲಿನ ಗಾರ್ಡನ್ನೂ ಕಣ್ಣಿಗೆ ಅಡ್ಡವೆಂದು ಕಳಚಿಡುವುದನ್ನು ನಾನು ನೋಡಿದ್ದೇನೆ. ಎಡಗೈಯ ಎರಡು ಬೆರಳು ಮೊಟಕಾದ ಹುಡುಗನೊಬ್ಬ ನಮ್ಮ ಬೀದಿಯ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಅವನಿಗಿನ್ನೂ ಇಪ್ಪತ್ತೈದು ದಾಟಿರಲಿಲ್ಲ. ಮನೆ ಮಾಡಿಸುವವರು ಮೈಕಾದ ಬಣ್ಣ ಆರಿಸಲು ದಿನಗಟ್ಟಲೆ ಅಂಗಡಿ ಸುತ್ತುತ್ತೇವೆ. ಕೊಯ್ಯುವ ಯಂತ್ರಕ್ಕೆ ಗಾರ್ಡ್ ಇದೆಯೇ ಎಂದು ಒಮ್ಮೆ ಕೇಳಲು ಒಂದು ನಿಮಿಷ ಸಾಕು. ದಯವಿಟ್ಟು ಕೇಳಿ. ನೀವೇ ಕೊಯ್ಯುವವರಾದರೆ ಮರಕ್ಕೆ ಮರದ ಯಂತ್ರವನ್ನೇ ಕೊಳ್ಳಿ. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ವೇಗಕ್ಕಿಂತ ಹೆಚ್ಚಿದೆಯೇ ಎಂದು ನೋಡಿಯೇ ಹಾಕಿ.

ಬರೆಯುತ್ತಾ ಬಂದಾಗ ಕಾಣುತ್ತದೆ, ಕೊಯ್ತವನ್ನು ನೇರ ಮಾಡುವ ಪ್ರತಿಯೊಂದು ಕ್ರಮವೂ ಮೈಯನ್ನೂ ಕಾಯುತ್ತದೆ. ಗೈಡ್ ಇದ್ದರೆ ಬ್ಲೇಡು ಹೊರಳುವುದಿಲ್ಲ, ಹೊರಳದಿದ್ದರೆ ಕಚ್ಚುವುದಿಲ್ಲ. ಶೀಟಿಗೆ ಆಸರೆ ಕೊಟ್ಟರೆ ಅಂಚು ಶುಚಿ, ಯಂತ್ರವೂ ಹಿಂದಕ್ಕೆ ನೆಗೆಯದು. ಕ್ಲಾಂಪ್ ಹಾಕಿದರೆ ಎರಡು ಕೈಗಳೂ ಯಂತ್ರದ ಹಿಡಿಗಳ ಮೇಲೇ ಇರುತ್ತವೆ, ಬ್ಲೇಡಿನ ಹತ್ತಿರಕ್ಕೆ ಹೋಗುವ ಕೈಯೇ ಉಳಿಯುವುದಿಲ್ಲ.

ಮಗಳ ಕಪಾಟನ್ನು ಮುಂದಿನ ಶೀಟಿನಲ್ಲಿ ಮಾಡಿದೆ. ಅದು ಈಗಲೂ ಪುಸ್ತಕ ಹೊತ್ತು ನಿಂತಿದೆ. ಅದನ್ನು ಮಾಡಲು ಬಳಸಿದ ಎಂಟಡಿಯ ಗೈಡು ಗೋಡೆಯ ಮೊಳೆಗೆ ನೇತುಬಿದ್ದಿದೆ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆಂದು ತುದಿಗೆ ತೂತು ಕೊರೆದು ನೆಟ್ಟಗೆ ತೂಗುಹಾಕಿದ್ದೇನೆ. ಅದರ ಬೆನ್ನಿನ ಮೇಲೆ ಯಂತ್ರದ ಹೆಸರು, ಬ್ಲೇಡಿನ ಹಲ್ಲಿನ ಸಂಖ್ಯೆ ಮತ್ತು ಅಂಚು ಕೊಯ್ದ ತಾರೀಕನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಬೇರೆ ದಪ್ಪದ ಬ್ಲೇಡು ಹಾಕಿದ ದಿನ ಆ ಅಂಚು ನಿಜ ಹೇಳುವುದನ್ನು ನಿಲ್ಲಿಸುತ್ತದೆ. ಆಗ ಮತ್ತೊಂದು ತಳಹಲಗೆ ಅಂಟಿಸಿ, ಮತ್ತೊಮ್ಮೆ ದಾರ ಬಿಗಿದು ನೋಡಿ, ಹೊಸ ತಾರೀಕು ಬರೆಯಬೇಕು.